ಸಂದುಹಲ್ಲಿನವಳು

ಬ್ಯಾಲರಾಟಿನ ಸ್ಟರ್ಟ್ ರಸ್ತೆಯ ಹಿಂದಿನ ಓಣಿಯಲ್ಲಿ
ಹಲ್ಲಿನ ಸೆಟ್ಟು ಕಟ್ಟುವ ಕೆಲಸ ನನ್ನದು.
ಹಗಲೆಲ್ಲ ಮೇಣ, ಪ್ಲಾಸ್ಟರು, ಗುಲಾಬಿ ಬಣ್ಣದ ಒಸಡು.
ರಾತ್ರಿ ಹೀಟರಿನತ್ತ ಕಾಲು ಚಾಚಿ,
ಮೊಸರನ್ನದ ಬಟ್ಟಲು ತೊಡೆಯ ಮೇಲಿಟ್ಟು
ಆಟ ಹಚ್ಚುತ್ತೇನೆ.

ನಿಮ್ಮ ಪಾತ್ರವನ್ನು ಸೃಷ್ಟಿಸಿ, ಎನ್ನುತ್ತದೆ ಪರದೆ.
ಇಷ್ಟು ದೊಡ್ಡ ಕೆಲಸವನ್ನು ಇಷ್ಟು ಮರ್ಯಾದೆಯಿಂದ
ನನಗೆ ಇನ್ಯಾರೂ ಹೇಳಿದ್ದಿಲ್ಲ.
ಅತ್ತ ಕೋಟೆಗೆ ಬೆಂಕಿ ಬಿದ್ದಿದೆಯಂತೆ,
ರಾಜಕುಮಾರ ಬಾವಿಯೊಳಗಿದ್ದಾನಂತೆ.
ಇರಲಿ. ಮೊದಲು ಮೂಗು.

ಮಹಡಿ ಮನೆಯ ಹುಡುಗ ಲ್ಯಾಕ್ಲನ್ ಹೇಳಿಕೊಟ್ಟಿದ್ದ:
ಬಿಲ್ಲು ಹಿಡಿ, ನೆರಳಲ್ಲಿ ಕೂರು, ಬೆನ್ನಿಗೆ ಬಿಡು;
ಏನಾಗಲು ಹೊರಟರೂ ಕೊನೆಗೆ ಎಲ್ಲರೂ ಆಗುವುದು ಅದೇ.
ಹಾಗೇ ಆಗಿದ್ದೆ ನಾನೂ. ಮೊದಲ ಖಾನೆಯವಳು,
ನನ್ನದೇ ಗಲ್ಲ, ನನ್ನದೇ ಕೂಡುಹುಬ್ಬು,
ಮೂರು ಸಂಸ್ಥಾನ ಗೆದ್ದವಳು.
ಅವಳ ಮುಖವನ್ನು ಒಬ್ಬ ಶತ್ರುವೂ ನೋಡಿಲ್ಲ.

ಎರಡನೆಯವನು ಕಳ್ಳ.
ಬೀಗ ತೆರೆದು ಒಳಹೊಕ್ಕು
ಬಡವರ ಗಡಿಗೆಯಲ್ಲಿ ಒಂದು ಚಮಚ ಇಟ್ಟು ಬರುವವನು.
ಕಾವಲಿನವರು ಆದರೂ ಅಟ್ಟಿಸಿಕೊಂಡು ಬರುತ್ತಾರೆ.
ಇಟ್ಟದ್ದೂ ಅಪರಾಧವೇ, ಗೊತ್ತಿರಲಿಲ್ಲ.

ಮೂರನೆಯದು ರಾಕ್ಷಸ, ಏಳಡಿ, ಹೆಗಲಿಗೆ ಕೊಡಲಿ.
ಕೈಯೆತ್ತುವ ಮುಂಚೆ 'ಊಟ ಆಯ್ತಾ' ಎಂದು
ಕೇಳಲೇಬೇಕೆಂಬ ವ್ರತ ಅವನದು.
ಕೇಳುವುದಕ್ಕೆ ಗುಂಡಿಯಿಲ್ಲ. ನಾನೇ ಗಟ್ಟಿಯಾಗಿ ಕೇಳಿ
ಮೂರು ಉಸಿರು ಕಾಯುತ್ತೇನೆ.
ಹತ್ತೊಂಬತ್ತು ಸಲ ಸತ್ತಿದ್ದಾನೆ.
ಒಂದೇ ಒಂದು ಸಲ, ಸೇತುವೆಯ ಹತ್ತಿರ,
ಒಬ್ಬ ದರೋಡೆಕೋರ ಕತ್ತಿ ಎತ್ತಿದವನು ಹಾಗೇ ನಿಂತುಬಿಟ್ಟ.
ಪ್ರೋಗ್ರಾಮಿನ ದೋಷ, ಅಂದ ಲ್ಯಾಕ್ಲನ್.
ಇರಬಹುದು.

ನಾಲ್ಕನೆಯವಳ ವಿಷಯ ಹೆಚ್ಚು ಹೇಳಲಾರೆ.
ಒಂದು ಮಂತ್ರಕ್ಕೆ ಒಂದು ಮಾತು ತೆರಬೇಕು ಅವಳು.
ಮಂಜು ಕರೆದದ್ದಕ್ಕೆ 'ಸೋದರತ್ತೆ' ಹೋಯಿತು,
ಗಾಯ ಮಾಯಿಸಲು 'ಹೊಸ್ತಿಲು'.
ಗ್ಯಾಸ್ ಬಿಲ್ಲಿನ ಹಿಂದೆ ಪಟ್ಟಿ ಬರೆದಿಟ್ಟಿದ್ದೇನೆ,
ಉಳಿದದ್ದು ಮೂವತ್ತೊಂದು.
ಈಚೆಗೆ ಅವಳನ್ನು ಆಡುವುದಿಲ್ಲ.

ಐದನೆಯವನು ಸಾವಿರ ವರ್ಷದ ಯಕ್ಷ.
ಸುಕ್ಕಿಗೊಂದು ಗೀಟು, ನರೆಗೊಂದು ಗೀಟು, ಎಳೆದಷ್ಟೂ ಮುಪ್ಪು.
ಬಾಯಿ ತೆರೆದರೆ ಮಾತ್ರ ಮೂವತ್ತೆರಡೂ ಥಳಥಳ!
ಕಡಲೆ ಇದ್ದವರಿಗೆ ಹಲ್ಲಿಲ್ಲವೆಂಬ ಗಾದೆ
ಆ ಲೋಕದ ಗಡಿ ದಾಟಿಲ್ಲ.
ನನ್ನ ಕಸುಬಿನವಳಿಗೆ ಇದು ಅವಮಾನ.

ಐದೇ ಖಾನೆ. ಎಲ್ಲ ಭರ್ತಿ.

ಇವತ್ತು ಮಧ್ಯಾಹ್ನ ಮಿಸೆಸ್ ಪ್ಯಾಸ್ಕೋ ಬಂದಿದ್ದರು.
ಹೊಸ ಸೆಟ್ಟು ಹಾಕಿಕೊಂಡು ಕನ್ನಡಿ ನೋಡಿ,
ತೆಗೆದು, ಕರವಸ್ತ್ರದಲ್ಲಿ ಒರೆಸಿ, ಮೇಜಿನ ಮೇಲಿಟ್ಟರು.
ಎಲ್ಲ ಸರಿಯಾಗಿದೆಯಮ್ಮಾ, ಅದೇ ತಪ್ಪು.
ಮುಂದಿನ ಎರಡರ ನಡುವೆ ನನಗೊಂದು ಸಂದಿತ್ತು.
ಅದರಲ್ಲೇ ಶಿಳ್ಳೆ ಹೊಡೆದರೆ
ಮೂರು ಗದ್ದೆಯಾಚೆಯ ನಾಯಿ ಓಡಿ ಬರುತ್ತಿತ್ತು.
ಸಂದು ಮಾಡಿಕೊಡು.
ನಾಯಿ ಈಗ ಇದೆಯೇ, ಎಂದು ಕೇಳಲಿಲ್ಲ ನಾನು.
ಅರ ಹಿಡಿದು ಕೂತೆ.

ರಾತ್ರಿ ಮೊದಲ ಖಾನೆಯ ಮೇಲೆ ಬೆರಳಿಟ್ಟೆ.
ಅಳಿಸಲೇ? ಖಚಿತವೇ? ಮರಳಿ ಬರಲಾರಳು.
ಎರಡೆರಡು ಸಲ ಕೇಳಿತು ಪರದೆ, ಪಾಪ.
ನೆರಳಲ್ಲಿ ಕೂತವಳು ಸದ್ದಿಲ್ಲದೆ ಹೋದಳು,
ಹೇಗೆ ಬದುಕಿದ್ದಳೋ ಹಾಗೇ.

ಹೊಸಬಳಿಗೆ ಉಸಿರಾಡಿದರೂ ಶಿಳ್ಳೆ.
ಬಚ್ಚಿಟ್ಟುಕೊಳ್ಳಲಾರಳು, ಹೊಂಚು ಹಾಕಲಾರಳು,
ನಡುದಾರಿಯಲ್ಲೇ ನಡೆಯಬೇಕು, ತೋಳ ಬಂದರೂ.
ಆಟದಲ್ಲಿ ಹಲ್ಲಿನ ಸಂದಿಗೆ ಗೀಟಿಲ್ಲ,
ಶಿಳ್ಳೆಗೆ ಗುಂಡಿಯಿಲ್ಲ.
ಕೆಳಗಿನ ತುಟಿ ಒಳಗೆಳೆದು ನಾನೇ ಹೊಡೆಯುತ್ತೇನೆ,
ಮೊದಲು ಬರೀ ಗಾಳಿ, ಆಮೇಲೆ ಉಗುಳು, ಆಮೇಲೆ

ಮೇಲಿನಿಂದ ಲ್ಯಾಕ್ಲನ್ ನೆಲ ಗುದ್ದುತ್ತಾನೆ.
ಎಲ್ಲೋ ರಸ್ತೆಯಾಚೆ ಒಂದು ನಾಯಿ.