ಹೆಬ್ಬೆರಳು

ಔಲು ಪಟ್ಟಣದಲ್ಲಿ ಡಿಸೆಂಬರಿಗೆ ಬೆಳಗು ಅಂತೊಂದಿಲ್ಲ,
ಹತ್ತೂವರೆಗೆ ಒಂದಿಷ್ಟು ಬೂದಿಬಣ್ಣ,
ಎರಡು ಹೊಡೆಯುವಷ್ಟರಲ್ಲಿ ಅದೂ ಮುಗಿಯಿತು.
ಆದರೂ ನಾಲ್ಕೂಕಾಲಿಗೆ ನನಗೆ ಎಚ್ಚರ,
ಅಲಾರಂ ಬೇಡ,
ಯಾರೋ ಒಳಗಿನಿಂದ ಚಿಲಕ ತೆಗೆದ ಹಾಗೆ.
ಶಾಲೆಯ ಅಡುಗೆಮನೆಯಲ್ಲಿ ಆರುನೂರು ಮಕ್ಕಳ
ಬಟಾಣಿ ಸಾರಿಗೆ ನೀರಿಡಬೇಕು.

ನಾನು ಹೊರಡುವ ಹೊತ್ತಿಗೆ ತೌನೊ ಬರುತ್ತಾನೆ
ಇರುಳೆಲ್ಲ ಊರಿನ ಹಿಮ ಬದಿಗೊತ್ತಿ,
ಹಳದಿ ಗಾಡಿಯನ್ನು ಡಿಪೋದಲ್ಲಿ ಬಿಟ್ಟು,
ಮೀಸೆಯಲ್ಲಿ ಮಂಜುಗಡ್ಡೆಯ ಚೂರು.
ನಮ್ಮ ಸಂಸಾರ ಒಂದು ಕಾಫಿ ಪಾತ್ರೆಯಷ್ಟು:
ಅವನಿಗೆ ದಿನದ ಕಡೇ ಲೋಟ, ನನಗೆ ಮೊದಲನೆಯದು.

ಇಪ್ಪತ್ತಾರು ವರ್ಷ ನಾನಂದ ಮಾತು ರಾಶಿ ಹಾಕಿದ್ದರೆ
ಅವನ ಗಾಡಿಗೂ ತಳ್ಳಲಾಗುತ್ತಿರಲಿಲ್ಲ.
ಸೋಮಾರಿ. ಹೊತ್ತು ನೆತ್ತಿಗೇರಿದರೂ ಏಳದವನು.
(ಇಲ್ಲಿ ಹೊತ್ತು ನೆತ್ತಿಗೇರುವುದೇ ಇಲ್ಲ, ಇರಲಿ.)
ನನ್ನ ಕೋಳಿ ಕೂಗಿದ್ದಕ್ಕೇ ಊರಿಗೆ ಬೆಳಗಾಯಿತೆಂಬ ಜಂಬ.
ಭಾನುವಾರ ತಂಗಿ ಬಂದಾಗ
ಅವನು ಮಲಗಿದ್ದ ಕೋಣೆಯ ಬಾಗಿಲನ್ನು
ಬೇಕೆಂದೇ ಧಡಾರನೆ ಎಳೆದದ್ದೂ ಉಂಟು.

ಪ್ರಯೋಗಕ್ಕೆ ಹೋದದ್ದು ಜ್ಞಾನದ ಹಸಿವಿಗಲ್ಲ.
ಆಸ್ಪತ್ರೆಯ ಗೋಡೆಯ ಮೇಲಿನ ಚೀಟಿಯಲ್ಲಿ
ತಲೆಗೆ ನಲವತ್ತು ಯೂರೋ ಎಂದಿತ್ತು,
ನಮ್ಮಲ್ಲಿ ಎರಡು ತಲೆಗಳಿದ್ದವು.
ಮೊದಲು ಪ್ರಶ್ನೆಗಳ ಹಾಳೆ:
ನಿಮ್ಮಿಷ್ಟಕ್ಕೇ ಬಿಟ್ಟರೆ ಎಷ್ಟು ಗಂಟೆಗೆ ಏಳುತ್ತೀರಿ?
ತೌನೊ ಪೆನ್ಸಿಲ್ ಕಚ್ಚಿಕೊಂಡು ಕೂತೇ ಕೂತ.
ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ.
ನಾನಂತೂ.

ಡಾಕ್ಟರ್ ಸಿರ್ಕು ಎಂಟರಾಕಾರದ ಸುರುಳಿಯೊಂದನ್ನು
ಬಾಣಲೆ ಹಿಡಿದ ಹಾಗೆ ಹಿಡಿದು
ನನ್ನ ನೆತ್ತಿಯ ಎಡಕ್ಕೆ ತಂದರು. ಟಕ್.
ನಾನೇನೂ ಮಾಡಲಿಲ್ಲ, ದೇವರಾಣೆ.
ಬಲಗೈ ಹೆಬ್ಬೆರಳು ತಾನಾಗಿ ಎಗರಿತು
ದೋಣಿಯ ತಳಕ್ಕೆ ಬಿದ್ದ ಕಿರುಮೀನಿನಂತೆ.
ಬೆಳಗಿನ ಒಂಬತ್ತಕ್ಕೆ ಪರದೆಯಲ್ಲಿ ನನ್ನ ಗೆರೆ ಗೋಪುರ,
ಅವನದು ಗುಡಿಸಲು.
ರಾತ್ರಿ ಒಂಬತ್ತಕ್ಕೆ ಮತ್ತೆ ಕೂರಿಸಿದರು:
ನನ್ನದು ಕುಸಿದಿತ್ತು, ಅವನದು ಎದ್ದು ನಿಂತಿತ್ತು,
ಮಿದುಳಷ್ಟೇ ಅಲ್ಲ, ಬೆನ್ನುಹುರಿಯೂ ಜೊತೆಗೆ,
ಹೊರಗೆ ಕತ್ತಲಾದಷ್ಟೂ ಒಳಗೆ ದೀಪ ಹಚ್ಚುವ ಮನೆ.
ಇದರಲ್ಲಿ ತಪ್ಪು ಸರಿ ಇಲ್ಲ, ಎಂದರು ಸಿರ್ಕು,
ತಂತಿಗಳನ್ನು ಸುತ್ತುತ್ತ.

ಬಸ್ಸಿನಲ್ಲಿ ತೌನೊ ಕೇಳಿದ:
"ಅಂದರೆ ನಾನು ಸೋಮಾರಿಯಲ್ಲ?"
"ಬೆನ್ನುಹುರಿಯ ಮಾತು ಬೇರೆ,
ಪಾತ್ರೆ ತೊಳೆಯುವ ಮಾತು ಬೇರೆ," ಎಂದೆ.
ಅವನು ನಕ್ಕು, ಡಿಪೋ ನಿಲ್ದಾಣದಲ್ಲಿ ಇಳಿದ.

ಆ ರಾತ್ರಿ ಯಾಕೋ ನಿದ್ದೆ ಹತ್ತಲಿಲ್ಲ.
ಹನ್ನೆರಡೂವರೆ. ಕಿಟಕಿಯ ಬಳಿ ನಿಂತೆ,
ತಲೆ ಒದ್ದೆ ಹಿಟ್ಟಿನ ಮುದ್ದೆ,
ಬೀದಿದೀಪ ಎಣಿಸಹೋಗಿ ಎರಡು ಸಲ ತಪ್ಪಿದೆ.
ಅವನ ಗಾಡಿ ತಿರುವಿನಲ್ಲಿ ಬಂತು,
ಕಬ್ಬಿಣದ ಹಲಗೆ ಡಾಂಬರು ಕೆರೆದು ಕಿರುಚುತ್ತ.
ಇಡೀ ಬೀದಿಯಲ್ಲಿ ನಿಮ್ಮ ಮನೆಯೆದುರೇ
ಹಿಮ ಅರೆಬರೆ ಉಳಿದಿರುತ್ತದೆ ಅಂತ
ಪಕ್ಕದ ಪಿರ್ಯೊ ವರ್ಷವರ್ಷವೂ ಗೊಣಗುತ್ತಾಳೆ,
ನಾನೂ ಅವಳ ಪರವೇ.

ನಮ್ಮ ಗೇಟಿಗೆ ಹತ್ತು ಮಾರು ಇರುವಾಗ
ಅವನು ಹಲಗೆಯನ್ನು ಗೇಣಷ್ಟು ಮೇಲೆತ್ತಿದ.
ಕಿರುಚು ನಿಂತಿತು.
ಮಲಗುವ ಕೋಣೆಯ ಕೆಳಗೆ
ಗಾಡಿ ಬೆಕ್ಕಿನ ಹಾಗೆ ದಾಟಿ ಹೋಯಿತು.
ಪಿರ್ಯೊಳ ಬೇಲಿ ಕಳೆದ ಮೇಲೆ
ಮತ್ತೆ ಕೆಳಗಿಳಿಸಿದ, ಮತ್ತೆ ಆ ಸದ್ದು.

ಪರದೆ ಹಿಡಿದ ಕೈಯಲ್ಲಿ
ಹೆಬ್ಬೆರಳು ಒಮ್ಮೆ ಎಗರಿತು,
ಯಾವ ಸುರುಳಿಯೂ ಇಲ್ಲದೆ.