ಬೆನ್ನು ಓದುವ ದಿನ

ಸೋಮವಾರ ಅಂಟಿಸಿದ್ದೆ: ಮೂವತ್ತು ಪುಟ್ಟ ಬಟ್ಟಲು,
ಉಗುರಿಗಿಂತ ಕಿರಿದು, ಸಾಲಿಗೆ ಹತ್ತು.
ಒಂದೊಂದರಲ್ಲೂ ಒಂದೊಂದು ಚಿಟಿಕೆ: ನಿಕಲ್, ರಾಳ,
ರಬ್ಬರಿನ ಪುಡಿ, ಫಾರ್ಮಾಲಿನ್, ಕ್ರೋಮು.
"ಎರಡು ದಿನ ಸ್ನಾನ ಬೇಡ, ಬೆವರಲೂ ಬೇಡ" ಎಂದಿದ್ದೆ.
ದೆವೊಲಿಂಡಾ ನಕ್ಕಿದ್ದಳು:
"ದೊತೋರಾ, ಫೆಲ್ಗೈರಾಸಿನಲ್ಲಿ ಬೂಟು ಹೊಲಿಯುವವಳು
ಬೆವರಬಾರದು ಅಂದರೆ ಸಾಯಬೇಕು."

ಇವತ್ತು ಬುಧವಾರ. ಪಟ್ಟಿ ಸುಲಿದು
ಅರ್ಧಗಂಟೆ ಕಾಯಬೇಕು, ಅಂಟಿನ ಕೆಂಪು ಇಳಿಯಲಿಕ್ಕೆ;
ಅವಸರಕ್ಕೆ ಚರ್ಮ ಸುಳ್ಳು ಹೇಳುತ್ತದೆ.
ಕಾಯುತ್ತೇವೆ. ಕಿಟಕಿಯಾಚೆ ದ್ರಾಕ್ಷಿಯ ಚಪ್ಪರ,
ಹಿಂದೆ ಸರಿಯುವ ಲಾರಿಯ ಕೀಂ ಕೀಂ.
ಆಮೇಲೆ ದೀಪ ಓರೆ ಮಾಡಿ ಬೆರಳಾಡಿಸುತ್ತೇನೆ.
ಮೊದಲ ಸಾಲು, ಏನಿಲ್ಲ. ಎರಡನೆಯದೂ ಇಲ್ಲ.
ಮೂರನೆಯ ಸಾಲಿನಲ್ಲಿ ಬೆರಳು ಎಡವುತ್ತದೆ:
ಉಬ್ಬಿದ ನೆಲ, ಸಾಸಿವೆ ಚೆಲ್ಲಿದ ಹಾಗೆ ಗುಳ್ಳೆ.
ಕ್ರೋಮು. ಎರಡು ಪ್ಲಸ್.

ತೊಗಲು.
ಸತ್ತದ್ದಕ್ಕೂ ಬದುಕಿರುವುದಕ್ಕೂ ಒಂದೇ ಹೆಸರು.
ಸತ್ತ ದನದ್ದು ಕ್ರೋಮು ಕುಡಿದು ಹದವಾಗಿ
ಕೊಳೆಯುವುದನ್ನೇ ಮರೆತುಬಿಡುತ್ತದೆ.
ಮೂವತ್ತೊಂದು ವರ್ಷ ಅದನ್ನು ಮಡಚಿ, ತಿರುವಿ, ಹೊಲಿದ
ಈ ಕೈಯದು ಮಾತ್ರ
ಯಾವುದೋ ಒಂದು ಮಂಗಳವಾರ
ಸಾಕು ಅಂದಿತು.
ಒಮ್ಮೆ ಮುನಿದರೆ ಮುಗಿಯಿತು.
ಮರೆಯುವ ವಿದ್ಯೆ ಅದಕ್ಕೆ ಬಾರದು,
ಗಡಿಯಾರದ ಪಟ್ಟಿ ತಾಗಿದರೂ ಹಳೇ ಜಗಳ ತೆಗೆಯುತ್ತದೆ.

ಮುಂದಿನವನು ಅದೆರಿತು. ಅಟ್ಟೆ ಅಂಟಿಸುವವನು.
ಅವನ ಬೆನ್ನು ಬಿಳಿ ಹಾಳೆ; ತಕರಾರು ಉಸಿರಿನದು.
ಊದುವ ಕೊಳವೆ ಕೊಟ್ಟಿದ್ದೆ, ಎರಡೆರಡು ಗಂಟೆಗೆ
ಬರೆದಿಡು ಎಂದು. ಚೌಕುಳಿ ಹಾಳೆಯಲ್ಲಿ ತಂದಿದ್ದಾನೆ:
ಭಾನುವಾರ ನಾನೂರ ಎಂಬತ್ತು,
ಸೋಮವಾರ ಸಂಜೆ ನಾನೂರ ಹತ್ತು,
ಗುರುವಾರ ರಾತ್ರಿ ಮುನ್ನೂರು, ಪಕ್ಕದಲ್ಲಿ ಪೆನ್ಸಿಲಿನಲ್ಲಿ
"ಮೆಟ್ಟಿಲು ಆಗಲಿಲ್ಲ".
ಆಗಸ್ಟಿನಲ್ಲಿ ಕಾರ್ಖಾನೆ ಮುಚ್ಚಿದ ಮೂರು ವಾರ
ಗೆರೆ ಮಾತ್ರ ಕಡಲು ಕಂಡ ಮಗುವಿನ ಹಾಗೆ.

ಅಂಟಿಗೆ ಹಾಕುವ ಹೆಪ್ಪು, ಐಸೋಸಯನೇಟು,
ಒಂದಿಷ್ಟೇ ಇಷ್ಟು.
ಅಟ್ಟೆ ಹಿಡಿಯುತ್ತದೆ. ಎದೆಯೂ.

ಕೊನ್ಸೆರ್ತೀನಾ ನುಡಿಸುತ್ತಾನಂತೆ, ಮದುವೆಗಳಲ್ಲಿ.
ಅದರ ತಿದಿಯ ಮಡಿಕೆಗೆ ತೊಗಲಿನ ತೇಪೆ
ಕಾರ್ಖಾನೆಯ ಅಂಟಿನಲ್ಲೇ ತಾನು ಹಾಕಿದ್ದು.
"ಎಂಟು ವರ್ಷ ಆಯ್ತು, ಒಂದು ಸಲ ಕೆಮ್ಮಿಲ್ಲ.
ಅದಕ್ಕೆ ಯಾಕೆ ಆಗಲ್ಲ ದೊತೋರಾ?"
ನನಗೆ ನಗು ಬರಲಿಲ್ಲ.
ನಾಲ್ಕು ವರ್ಷದಿಂದ ನಾನು ಕೇಳುತ್ತಿರುವುದೂ
ಹೆಚ್ಚುಕಡಿಮೆ ಅದನ್ನೇ.

ಬಾಗಿಲಲ್ಲಿ ತಿರುಗಿ ಹೇಳಿದ: "ಈಗಲೇ ಬರೆಯಬೇಡಿ.
ಕ್ರಿಸ್‌ಮಸ್ಸಿನ ಸಂಬಳ ಕೈಗೆ ಬರಲಿ."
ನನ್ನ ಕೋಷ್ಟಕದಲ್ಲಿ ನೂರ ಹನ್ನೆರಡು ಜನ:
ಚರ್ಮ, ಶ್ವಾಸ, ಎರಡೂ, ಯಾವುದೂ ಅಲ್ಲ.
ಬರೆಯಬೇಡಿ ಅಂದವರಿಗೆ ಅದರಲ್ಲಿ ಮನೆ ಇಲ್ಲ.

ಶುಕ್ರವಾರ ಎರಡನೆಯ ಓದು.
ದೆವೊಲಿಂಡಾಳ ಕೆಂಪು ತನ್ನ ವೃತ್ತ ದಾಟಿ ಹರಡಿದೆ;
ಎರಡು ಪ್ಲಸ್ಸಿನ ಪಕ್ಕ ಇನ್ನೊಂದು ಗೀಚುತ್ತೇನೆ.
"ನನಗೂ ತೋರಿಸಿ, ನನ್ನದೇ ಬೆನ್ನಲ್ಲವೆ."
ಫೋನಿನಲ್ಲಿ ಹಿಡಿದು ಕೊಟ್ಟೆ.
ನೇರಳೆ ಶಾಯಿಯ ಗೆರೆ, ನನ್ನ ಅಂಕಿಗಳು,
ಖಾಲಿ ಊರಿನಂಥ ಬೆನ್ನಲ್ಲಿ
ದೀಪ ಹತ್ತಿದ ಒಂದೇ ಮನೆ.
ತುಂಬ ಹೊತ್ತು ನೋಡಿದಳು. "ಇಷ್ಟೇನಾ," ಎಂದಳು,
"ನಾನು ಇನ್ನೂ ಏನೋ ಬರೆದಿರುತ್ತೆ ಅಂದುಕೊಂಡಿದ್ದೆ."

ಅಂಗಿಯ ಗುಂಡಿ ಹಾಕುತ್ತ, ಬಿರಿದ ಬೆರಳು ಗುಂಡಿಗೆ ಸಿಗದೆ
ತಲೆ ತಗ್ಗಿಸಿದವಳು ನನ್ನ ಕಾಲಲ್ಲಿ ನಿಂತುಬಿಟ್ಟಳು.
"ಆ ಹಿಮ್ಮಡಿ ಹೊಲಿಗೆ ನಮ್ಮ ಸಾಲಿನದು.
ಎಡಗಾಲಿನದು ಚೂರು ಓರೆ, ನೋಡಿ."
ಬಗ್ಗಿ, ಮುಟ್ಟದೆ,
ದೀಪದ ಕಡೆ ನನ್ನ ಪಾದ ತಿರುಗಿಸಲು ಹೇಳಿ,
"ಎಲ್ಲಾದರೂ ಒತ್ತುತ್ತಾ?" ಎಂದು ಕೇಳಿದಳು.