ಚಿಕ್ಕತಾಯಿ

ಲಿಂಗರಾಜಪುರದ ಮೇಲ್ಸೇತುವೆ ಇಳಿಯುವಾಗ ಆಟೋದಲ್ಲಿ ಕೇಳಿದಳು:
“ನಿಮ್ಮನೇಲಿ ರಾತ್ರಿ ಬೀಗ ಹಾಕ್ತೀರಾ?”
ವರದರಾಜು ನನ್ನ ಮುಖ ನೋಡಿದ.
ಹೂಂ ಅನ್ನಬೇಕೋ, ಇಲ್ಲ ಅನ್ನಬೇಕೋ.

ಏಳು ವರ್ಷ. ಹೆಸರು ಚಿಕ್ಕತಾಯಿ.
ಆಶ್ರಮದ ಚೀಟಿಯಲ್ಲಿ ಬರೆದಿತ್ತು: ನಲವತ್ತು ದಿನ,
ಕಡಲೆಕಾಯಿ ಕೊಡಕೂಡದು, ಆಸೆ ಹುಟ್ಟಿಸಕೂಡದು.

ಮೊದಲ ವಾರ ದಿಂಬಿನಡಿ ಚಪಾತಿ ಸಿಕ್ಕಿತು, ಇರುವೆ ಸಮೇತ.
ಇರುವೆ ಕೊಡವಿ, ಹೊಸದೊಂದನ್ನು ಅಲ್ಲೇ ಇಟ್ಟೆ.

ಅವಳ ಕಡತ ಇಟಲಿಗೆ ಹೋಗಿ ಮೊಹರು ಹೊತ್ತು ಬಂದಿದೆ.
ಫೋಟೋದಲ್ಲಿ ಇಬ್ಬರು ನಗುತ್ತಾರೆ, ಕಾಲಬಳಿ ನಾಯಿ;
ನಾಯಿಯ ಹೆಸರನ್ನೇ ಮೊದಲು ಕಲಿತಳು.
ನಮ್ಮ ಅರ್ಜಿಗೂ ಆರು ವರ್ಷ.
‘ಎರಡು ವರ್ಷದೊಳಗಿನ ಮಗು’ ಎಂಬಲ್ಲಿ ಗುರುತು ಹಾಕಿದ್ದು
ನನ್ನದೇ ಕೈ, ನೀಲಿ ಶಾಯಿ.

‘ಆಂಟಿ ಅನ್ನು’ ಎಂದಿದ್ದರು. ಅನ್ನಲಿಲ್ಲ,
ಬೇಕಾದಾಗ ದುಪಟ್ಟಾ ಜಗ್ಗುತ್ತಿದ್ದಳು.
ಅಮ್ಮನಲ್ಲ, ಅಮ್ಮನ ಹಾಗೆ, ಸ್ವಲ್ಪ ದಿನ:
ಆ ನಂಟಿಗೆ ನಮ್ಮಲ್ಲಿರುವ ಪದವನ್ನು
ಅವಳೇ ಹೆಸರಾಗಿ ತೊಟ್ಟು ಮನೆಯೆಲ್ಲ ಓಡುತ್ತಿದ್ದಳು.

ಮೂವತ್ತೊಂಬತ್ತನೇ ರಾತ್ರಿ. ಹೊರಗೆ ಕೊನೆಯ ಪಾನಿಪುರಿ ಗಾಡಿಯ ಗಂಟೆ,
ಸೂಟ್‌ಕೇಸಿನಲ್ಲಿ ಉಣ್ಣೆ ಟೊಪ್ಪಿ, ಬೆಲೆಚೀಟಿ ಕಿತ್ತಿಲ್ಲ.
ಅವಳೇ ಎದ್ದು ಹೋಗಿ ಬೀಗ ಎಳೆದು ನೋಡಿದಳು.
“ಸರಿಯಾಗಿದೆ,” ಅಂದಳು ವರದರಾಜುವಿಗೆ,
ಲೈಟು ಆರಿಸುತ್ತ, “ನೀನು ಮಲ್ಕೊ.”